ಹೊದಿಕೆಯ ಲೆಕ್ಕ

ಕಳೆದ ಬೇಸಿಗೆಯಲ್ಲಿ ನಾನು ಕ್ರೋಶಾ ಹಾಕಲು ಕಲಿತೆ. ವಯಸ್ಸು 44, ಕೆಲಸ ಪ್ರಾಜೆಕ್ಟ್ ಮ್ಯಾನೇಜರಿಕೆ. ರಾಯದುರ್ಗದಿಂದ ಸಿಕಂದರಾಬಾದಿನ ಕಡೆ ಹೋಗುವ ಮೆಟ್ರೊದಲ್ಲಿ ಕುಳಿತು ಹಳದಿ ದಾರದ ಉಂಡೆ ಬಿಡಿಸುವ ಗಂಡಸನ್ನು ಜನ ಒಮ್ಮೆ ನೋಡುತ್ತಾರೆ, ಆಮೇಲೆ ಮೊಬೈಲಿಗೆ ಮರಳುತ್ತಾರೆ. ಅಷ್ಟೇನೂ ಮುಜುಗರವಾಗುವುದಿಲ್ಲ.

ನನ್ನ ತಂಡದ ಹುಡುಗಿಯೊಬ್ಬಳಿಗೆ ಹೆರಿಗೆಯ ದಿನ ಹತ್ತಿರವಾಗಿತ್ತು. ಹುಡುಗಿ ಎನ್ನುವುದು ನನ್ನ ಬಾಯಿಯ ಕೆಟ್ಟ ಅಭ್ಯಾಸ. ಆಕೆ ಹನ್ನೊಂದು ವರ್ಷ ಅನುಭವವಿರುವ ಟೆಸ್ಟ್ ಲೀಡ್. ತಂಡದವರೆಲ್ಲ ಸೇರಿ ಆನ್‌ಲೈನಿನಲ್ಲಿ ಏನೋ ತರಿಸಿದ್ದರು. ನನಗೆ ಮಾತ್ರ ಕೈಯಾರೆ ಏನಾದರೂ ಮಾಡಿ ಕೊಡಬೇಕು ಅನ್ನಿಸಿತು. ಯಾಕೆ ಹಾಗನ್ನಿಸಿತು ಎಂದು ಆಗ ಕೇಳಿಕೊಳ್ಳಲಿಲ್ಲ.

ಗುರು ಧಾರವಾಡದಲ್ಲಿದ್ದಳು, ನನ್ನ ಅವ್ವ. ನಮ್ಮ ಮನೆಯ ಟಿವಿ, ರೇಡಿಯೊ, ಬಾಗಿಲ ತೋರಣ ಎಲ್ಲಕ್ಕೂ ಅವಳ ಕ್ರೋಶಾದ ಅಂಗಿಗಳಿದ್ದವು. ವಿಡಿಯೊ ಕಾಲ್‌ನಲ್ಲಿ ಕಲಿಸಿದಳು: ಮೊದಲು ಸರಪಳಿ, ಅದರ ಮೇಲೆ ಕಂಬ. "ದಾರ ಅಷ್ಟ್ ಬಿಗಿ ಹಿಡೀಬ್ಯಾಡೋ, ಕೂಸಿಗೆ ಚುಚ್ಚತೈತಿ." ನಡುವೆ ಒಮ್ಮೆ ಕೇಳಿದಳು, "ಕೌದಿ, ಕುಂಚಿಗಿ ಎಲ್ಲಾ ಮನಿಯವ್ರು ಕೊಡೋದು. ನೀ ಆಕೀಗೆ ಏನಾಗಬೇಕು?" ಮ್ಯಾನೇಜರ್ ಎಂದೆ. "ಹಂಗಾರ ಪಗಾರ ಹೆಚ್ಚ ಮಾಡಿದ್ರ ಆಗತಿತ್ತಲ್ಲ!" ಇಬ್ಬರೂ ನಕ್ಕೆವು.

ಮಾಡಲು ಹೊರಟವರಿಗೆ ಹೇಳುವುದಾದರೆ, ಹೊದಿಕೆ ಸುಲಭದ್ದೇ. ಹೈದರಾಬಾದಿನ ಸೆಕೆಗೆ ಉಣ್ಣೆ ಬೇಡ, ಹತ್ತಿಯ ದಾರ ಸಾಕು. 4 ಮಿ.ಮೀ. ಕಡ್ಡಿ, ಅಡ್ಡಕ್ಕೆ 105 ಕಂಬ, ಉದ್ದಕ್ಕೆ 72 ಸಾಲು. ಮೂವತ್ತು ಇಂಚು ಅಗಲ, ಮೂವತ್ತಾರು ಇಂಚು ಉದ್ದ. ದೊಡ್ಡ ತೂತುಗಳ ಜಾಲರಿ ಚೆಂದ ಕಾಣುತ್ತದೆ, ಆದರೆ ಎಳೆಗೂಸಿನ ಬೆರಳು ಸಿಕ್ಕಿಕೊಳ್ಳುತ್ತದೆ. ಗೊಂಡೆ, ಮಣಿ ಬೇಡವೇ ಬೇಡ. ಇನ್ನೊಂದು ಮಾತು. ವರ್ಷ ತುಂಬದ ಮಗು ಮಲಗಿದಾಗ ಮೈಮೇಲೆ ಸಡಿಲ ಹೊದಿಕೆ ಇರಬಾರದೆಂದು ಮಕ್ಕಳ ವೈದ್ಯರು ಹೇಳುತ್ತಾರೆ. ಹಾಗಾಗಿ ಇದು ಎಚ್ಚರವಿದ್ದಾಗ ಕೆಳಗೆ ಹಾಸಲು, ಎತ್ತಿಕೊಂಡಾಗ ಸುತ್ತಲು. ನಾನು ಬಿಚ್ಚಿ ಮತ್ತೆ ಹಾಕಿದ್ದೂ ಸೇರಿ ಒಟ್ಟು 41 ಗಂಟೆ ಹಿಡಿಯಿತು. ಎಕ್ಸೆಲ್‌ನಲ್ಲಿ ಬರೆದಿಟ್ಟಿದ್ದೆ; ವೃತ್ತಿಯ ರೋಗ.

ಹೆಣ್ಣುಮಗು. ತಿಂಗಳು ಕಳೆದ ಮೇಲೆ ಮಿಯಾಪುರದ ಅವರ ಫ್ಲ್ಯಾಟಿಗೆ ಹೋದೆ. ಪೊಟ್ಟಣ ಬಿಚ್ಚಿದೊಡನೆ ಎಲ್ಲರೂ "ಸರ್, ನೀವೇ ಮಾಡಿದ್ದಾ?" ಎಂದು ಉದ್ಗರಿಸಿದರು. ಆ ಉದ್ಗಾರಕ್ಕೆಂದೇ ಕಾಯುತ್ತಿದ್ದೆನೋ ಏನೋ, ಹಿಗ್ಗಿದೆ. ಮೂಲೆಯಲ್ಲಿ ಕುಳಿತಿದ್ದ ಆಕೆಯ ಅಮ್ಮಮ್ಮ ಮಾತ್ರ ಕೈ ಚಾಚಿ ಹೊದಿಕೆ ಇಸಿದುಕೊಂಡರು. ತಿರುಗಿಸಿ ಹಿಂಬದಿ ನೋಡಿದರು, ಅಂಚನ್ನು ಹೆಬ್ಬೆರಳಿನಿಂದ ಸವರಿದರು. "ಎನ್ನಿ ರೋಜುಲು ಪಟ್ಟಿಂದಿ ಬಾಬೂ?" ಎರಡು ತಿಂಗಳು ಎಂದೆ. "ಎಂತ ಇಚ್ಚಾರು?" ಎಷ್ಟು ಕೊಟ್ಟರು?

ಮನೆಯೆಲ್ಲ ನಕ್ಕಿತು. ಅಮ್ಮಮ್ಮಾ, ಇದು ಗಿಫ್ಟು! ಅಜ್ಜಿ ನಗಲಿಲ್ಲ. ಅವರು ಪಾಲಕೊಲ್ಲಿನ ಕಡೆಯವರು. ಎಂಟನೆಯ ವಯಸ್ಸಿನಿಂದ ಕಣ್ಣಿಗೆ ಪೊರೆ ಬರುವವರೆಗೂ ಲೇಸು ಹಾಕಿದವರು.

ಗೋದಾವರಿ ಮುಖಜಭೂಮಿಯ ನರಸಾಪುರ, ಪಾಲಕೊಲ್ಲು ಸುತ್ತಿನ ಹಳ್ಳಿಗಳಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಮಿಷನರಿಗಳು ಈ ವಿದ್ಯೆ ತಂದರು. ಅದು ಬೆಳೆದು ರಫ್ತಿನ ಉದ್ಯಮವಾಯಿತು. ಏಜೆಂಟರು ಮನೆಗೆ ದಾರ ತಂದುಕೊಡುತ್ತಾರೆ, ಹೂವುಗಳನ್ನು ಒಬ್ಬರು ಹಾಕುತ್ತಾರೆ, ಅವನ್ನು ಜೋಡಿಸುವ 'ಅತುಕು ಪನಿ' ಇನ್ನೊಬ್ಬರದು, ಕೂಲಿ ನಗಕ್ಕಿಷ್ಟು ಎಂದು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಇಲ್ಲಿಗೆ ಬಂದು ಅಧ್ಯಯನ ಮಾಡಿ 'ದಿ ಲೇಸ್ ಮೇಕರ್ಸ್ ಆಫ್ ನರಸಾಪುರ್' ಎಂಬ ಪುಸ್ತಕ ಬರೆದರು, 1982ರಲ್ಲಿ. ಅವರು ಕಂಡದ್ದು ಇಷ್ಟು: ಹೆಂಗಸರು ಮನೆಗೆಲಸದ ಜೊತೆಗೆ ದಿನಕ್ಕೆ ಆರೆಂಟು ಗಂಟೆ ಲೇಸು ಹಾಕುತ್ತಿದ್ದರು, ವಿದೇಶಿ ಮಾರುಕಟ್ಟೆಗೆ ಮಾಲು ಹೋಗುತ್ತಿತ್ತು. ಆದರೂ ಅವರನ್ನು ಕೆಲಸಗಾರರೆಂದು ಯಾರೂ ಕರೆಯುತ್ತಿರಲಿಲ್ಲ. ಗೃಹಿಣಿಯರು ಬಿಡುವಿನಲ್ಲಿ ಮಾಡುವುದಲ್ಲವೇ ಎಂಬ ಒಂದೇ ಮಾತಿನಿಂದ ಕೂಲಿ ನೆಲ ಕಚ್ಚಿರುತ್ತಿತ್ತು. 2024ರಲ್ಲಿ ನರಸಾಪುರದ ಕ್ರೋಶಾ ಲೇಸಿಗೆ ಜಿಐ ಮಾನ್ಯತೆ ಸಿಕ್ಕಿದೆ, ಸಂತೋಷ. ನನ್ನನ್ನು ಹೆಚ್ಚು ಕಾಡುವುದು ಬೇರೆ ಸಂಗತಿ. ಹೆಣಿಗೆಗೆ ಯಂತ್ರಗಳಿವೆ, ಕ್ರೋಶಾ ಹಾಕುವ ಯಂತ್ರ ಕಾರ್ಖಾನೆಗಳಿಗೆ ಇನ್ನೂ ಬಂದಿಲ್ಲ. ಎಂದರೆ ಅಂಗಡಿಯಲ್ಲಿ ಇನ್ನೂರು ರೂಪಾಯಿಗೆ ಸಿಗುವ ನಿಜವಾದ ಕ್ರೋಶಾ ಟೊಪ್ಪಿಗೆಯೂ ಕೈಯಿಂದಲೇ ಆದದ್ದು. ನನ್ನ 41 ಗಂಟೆಗೆ ಪ್ರೀತಿ ಎಂದು ಹೆಸರು. ಅಜ್ಜಿಯ ಐವತ್ತು ವರ್ಷಕ್ಕೆ ಬಿಡುವು ಎಂದು ಹೆಸರು.

"ನಿಮ್ಮ ಮಗಳ ತೊಟ್ಟಿಲಿಗೂ ಹಾಕಿರಬೇಕಲ್ಲ?" ಎಂದು ಕೇಳಿದೆ. ಇಲ್ಲವಂತೆ. ದಾರ ಲೆಕ್ಕ ಮಾಡಿ ಕೊಡುತ್ತಿದ್ದರು, ಲೆಕ್ಕ ಮಾಡಿ ವಾಪಸು ತೆಗೆದುಕೊಳ್ಳುತ್ತಿದ್ದರು. ಮನೆಗೆ ಉಳಿಯುತ್ತಿರಲಿಲ್ಲ.

ಈಗ ಹೇಳಲೇಬೇಕಾದ ಮಾತಿಗೆ ಬರುತ್ತೇನೆ. ಹೊದಿಕೆ ಶುರು ಮಾಡುವ ಎರಡು ವಾರ ಮೊದಲು ನಮ್ಮಲ್ಲಿ ವಾರ್ಷಿಕ ಮೌಲ್ಯಮಾಪನ ಮುಗಿದಿತ್ತು. ಕಂಪನಿಗಳ ಈ ಪದ್ಧತಿ ಓದುಗರಲ್ಲಿ ಬಹಳ ಜನಕ್ಕೆ ಗೊತ್ತು. ಇಷ್ಟು ಜನರಿದ್ದರೆ ಇಷ್ಟು ಮಂದಿ ಕೆಳಗಿನ ರೇಟಿಂಗಿಗೆ ಇಳಿಯಲೇಬೇಕು. ಕಾನೂನಿನ ಪ್ರಕಾರ 26 ವಾರ ಹೆರಿಗೆ ರಜೆ ಆಕೆಯ ಹಕ್ಕು. ಆ ಹಕ್ಕಿಗೆ ನಾವು ಕೈ ಹಚ್ಚಲಿಲ್ಲ. "ಹೇಗೂ ಮುಂದಿನ ಅರ್ಧ ವರ್ಷ ಇರುವುದಿಲ್ಲ, ಈ ಸಲ ಆಕೆಯ ಹೆಸರು ಇಳಿಸೋಣ" ಎಂದೆವು. ಎಂದೆವು ಅಲ್ಲ, ಎಂದೆ. ಹೋದ ವರ್ಷದ ಕೆಲಸಕ್ಕೂ ಬರುವ ವರ್ಷದ ಗೈರಿಗೂ ಸಂಬಂಧವಿಲ್ಲವೆಂದು ಗೊತ್ತಿದ್ದೇ ಎಂದೆ. ಬೋನಸ್ ಕಡಿಮೆಯಾಯಿತು. ಆಕೆ "ಪರವಾಗಿಲ್ಲ ಸರ್" ಎಂದಳು.

ಅಮ್ಮಮ್ಮನ ಪ್ರಶ್ನೆ ಕೇಳುವವರೆಗೂ ಈ ಎರಡನ್ನು ನಾನು ಒಂದೇ ಪುಟದಲ್ಲಿ ಇಟ್ಟು ನೋಡಿರಲಿಲ್ಲ. ಅವ್ವ ನೋಡಿದ್ದಳು, ನಗೆಯಲ್ಲಿ ತೇಲಿಸಿಬಿಟ್ಟಿದ್ದೆ.

ಆಯ್ದಕ್ಕಿ ಲಕ್ಕಮ್ಮನ ಕಥೆ ಶಾಲೆಯಲ್ಲೇ ಓದಿದ್ದೇವೆ. ಗಂಡ ಮಾರಯ್ಯ ದಿನಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ವಾಪಸು ಸುರಿದು ಬಾ ಎಂದು ಕಳಿಸಿದವಳು. ಅದನ್ನು ಆಸೆಬುರುಕತನದ ವಿರುದ್ಧದ ಕಥೆ ಎಂದೇ ನಾನು ತಿಳಿದಿದ್ದೆ. ಆದರೆ ಆ ಅಕ್ಕಿ ಬೇಯುತ್ತಿದ್ದದ್ದು ದಾಸೋಹಕ್ಕೆ, ಶರಣರಿಗೆ ಬಡಿಸಲಿಕ್ಕೆ. ಕೊಡುವ ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಮೊದಲು ಆ ಅಕ್ಕಿ ಯಾರದು ಎಂದು ಕೇಳಿದವಳು ಆಕೆ. ಸಲ್ಲಬೇಕಾದುದನ್ನು ಹಿಡಿದಿಟ್ಟುಕೊಂಡ ಕೈಯಿಂದಲೇ ನಾನು ಉಡುಗೊರೆ ಹೆಣೆದಿದ್ದೆ. ಇನ್ನೂ ಕೆಟ್ಟದ್ದೆಂದರೆ, ಮೇಲಿನವನು ಕೊಟ್ಟ ಉಡುಗೊರೆ ಬಾಯಿ ಕಟ್ಟುತ್ತದೆ. 41 ಗಂಟೆ ಕೂತು ಮಗಳಿಗೆ ಹೊದಿಕೆ ಹೆಣೆದ ಮ್ಯಾನೇಜರನ ಮೇಲೆ ಆಕೆ ಇನ್ನು ಸಿಟ್ಟಾಗುವುದಾದರೂ ಹೇಗೆ?

ಹಾಗೆಂದು ಹೊದಿಕೆ ಸುಳ್ಳೆಂದು ಒಪ್ಪಲಾರೆ. ದಾರ ಚುಚ್ಚೀತೇ ಎಂದು ಪ್ರತಿ ಸಾಲನ್ನೂ ಕೆನ್ನೆಗೆ ಒತ್ತಿ ನೋಡಿದ್ದೇನೆ. ಕಾಣದ ಆ ಮಗುವಿನ ಮೇಲೆ ಅಕ್ಕರೆ ಹುಟ್ಟಿದ್ದೂ ನಿಜ. ತಪ್ಪಿತಸ್ಥನ ಅಕ್ಕರೆ ಅಕ್ಕರೆಯಲ್ಲ ಎನ್ನುವ ಕಟ್ಟುನಿಟ್ಟು ನನಗೆ ಅತಿಯೆನಿಸುತ್ತದೆ. ಹಾಗೆ ಅಳೆದರೆ ನಮ್ಮ ಅಪ್ಪಂದಿರು ಕೊಟ್ಟ ಯಾವುದೂ ಉಳಿಯುವುದಿಲ್ಲ. ಅಕ್ಕರೆಯೂ ಇತ್ತು, ಬಾಕಿಯೂ ಇತ್ತು. ಒಂದರ ಜಮೆಯನ್ನು ಇನ್ನೊಂದರ ಖಾತೆಗೆ ಹಾಕಲು ಹೋದವನು ನಾನು.

ಆ ವಾರ ಎಚ್‌ಆರ್‌ಗೆ ಪತ್ರ ಬರೆದೆ: ರೇಟಿಂಗ್ ಕೊಟ್ಟ ಕಾರಣ ತಪ್ಪು, ಆ ಕಾರಣ ನನ್ನದು, ಬದಲಿಸಿ ಎಂದು. ಗಡುವು ಮುಗಿದಿದೆ, ಮುಂದಿನ ಬಾರಿ ನೋಡೋಣ ಎಂದು ಉತ್ತರ ಬಂತು. ಮತ್ತೆ ಬರೆದಿದ್ದೇನೆ. ಆಕೆಗೂ ಫೋನ್ ಮಾಡಿ ನಡೆದದ್ದನ್ನು ಹಾಗೆಯೇ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ, ಮಗುವಿನ ಕುಂಯ್‌ಗುಡುವ ಸದ್ದು ಮಾತ್ರ.

"ನನಗೆ ಗೊತ್ತಿತ್ತು ಸರ್," ಎಂದಳು. ಈ ಸಲ ಪರವಾಗಿಲ್ಲ ಎನ್ನಲಿಲ್ಲ. ಆಮೇಲೆ, "ಹೊದಿಕೆಯ ಅಂಚು ಬಹಳ ಬಿಗಿಯಾಗಿದೆಯಂತೆ. ಅಮ್ಮಮ್ಮ ಬಿಚ್ಚಿ ಬೇರೆ ಹಾಕುತ್ತಿದ್ದಾರೆ. ಅದೇ ಹಳದಿ ದಾರ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಿದ್ದಾರೆ" ಎಂದಳು.

ಸಿಕಂದರಾಬಾದಿನ ಜನರಲ್ ಬಜಾರಿನಲ್ಲಿ, ಎಂದೆ.