ಸ್ತಬ್ಧತೆಯೂ ಸಂಯಮವೂ

ಮಾತನ್ನು ತಡೆದುಕೊಂಡವನನ್ನು ಲೋಕವು ಸಂಯಮಿಯೆಂದು ಕೊಂಡಾಡುತ್ತದೆ. ಆದರೆ ಆ ತಡೆಯು ಅವನ ವಶದಲ್ಲಿದೆಯೋ, ಇಲ್ಲವೆ ಅವನೇ ಆ ತಡೆಯ ವಶದಲ್ಲಿರುವನೋ ಎಂಬುದನ್ನು ಯಾರೂ ವಿಚಾರಿಸುವುದಿಲ್ಲ. ಸಂಸಾರಿಗಳಾದ ನಮಗೆ ಈ ವಿಚಾರವು ಅತ್ಯವಶ್ಯಕವಾದುದು. ನನಗೆ ಇದನ್ನು ತಿಳಿಸಿಕೊಟ್ಟದ್ದು ಗ್ರಂಥವಲ್ಲ, ಒಂದು ಹಳೆಯ ಮೋಟಾರು ಸೈಕಲ್ಲಿನ ಗಾಲಿ.

ನಮ್ಮ ತಂದೆಯವರಲ್ಲಿ ಒಂದು ಜಾವಾ ಗಾಡಿಯಿತ್ತು. ಜೆಕ್ ದೇಶದ ಈ ಗಾಡಿಯನ್ನು 1961ರಿಂದ ನಮ್ಮ ಮೈಸೂರಿನಲ್ಲಿಯೇ ಐಡಿಯಲ್ ಜಾವಾ ಕಾರ್ಖಾನೆಯವರು ತಯಾರಿಸುತ್ತಿದ್ದರು. ಮುಂದೆ ಅದು ಯೆಜ್ದಿ ಎಂಬ ಹೆಸರನ್ನು ತಳೆಯಿತು. 1996ರಲ್ಲಿ ಆ ಕಾರ್ಖಾನೆಯೇ ಮುಚ್ಚಿಹೋಯಿತು. ಸಿಂಧನೂರಿನಿಂದ ಮಸ್ಕಿಯ ಮೇಲೆ ಹಾಯ್ದು ಲಿಂಗಸುಗೂರಿನವರೆಗೆ, ಎರೆಹೊಲಗಳ ನಡುವಿನ ದಾರಿಯಲ್ಲಿ, ತಂದೆಯವರು ಆ ಗಾಡಿಯ ಮೇಲೆ ಹೋಗದ ವಾರವಿರಲಿಲ್ಲ. ಅವರು ಲಿಂಗೈಕ್ಯರಾದ ಬಳಿಕ ನಾವು ಅಣ್ಣತಮ್ಮಂದಿರಲ್ಲಿ ಹೊಲದ ಪಾಲಿನ ವಿಷಯವಾಗಿ ಮನಸ್ತಾಪ ಹುಟ್ಟಿತು. ತಮ್ಮನು ಲಿಂಗಸುಗೂರಿನಲ್ಲಿ ನೆಲೆಸಿದನು. ಗಾಡಿಯು ಮಸ್ಕಿಯ ಹಳೆಯ ಮನೆಯ ಪಡಸಾಲೆಯಲ್ಲಿ ಉಳಿಯಿತು. ಹನ್ನೆರಡು ವರ್ಷ ಅದನ್ನಾರೂ ಮುಟ್ಟಲಿಲ್ಲ. ಹನ್ನೆರಡು ವರ್ಷ ನಾನು ತಮ್ಮನೊಡನೆ ಮಾತನಾಡಲಿಲ್ಲ. ಬೈಯಲಿಲ್ಲ, ನ್ಯಾಯಾಲಯಕ್ಕೆ ಎಳೆಯಲಿಲ್ಲ. ಇದನ್ನೇ ನಾನು ಸಂಯಮವೆಂದು ಭಾವಿಸಿ ಒಳಗೊಳಗೇ ಹಿಗ್ಗಿದ್ದೆನು.

ಕಳೆದ ವರ್ಷ ಆ ಮನೆಯನ್ನು ದುರಸ್ತಿ ಮಾಡಿಸಬೇಕಾಗಿ ಬಂದಾಗ ಗಾಡಿಯನ್ನು ಹೊರಕ್ಕೆ ತರಲು ಹೋದೆವು. ಮುಂದಿನ ಗಾಲಿಯು ಕೂದಲೆಳೆಯಷ್ಟೂ ತಿರುಗಲಿಲ್ಲ. ನನ್ನ ಮಗನು ಸುತ್ತಿಗೆ ಹಿಡಿದು ಬಂದನು. ಸಿಂಧನೂರಿನಿಂದ ಕರೆಸಿದ್ದ ವೃದ್ಧ ಮಿಸ್ತ್ರಿಯು ಅವನ ಕೈ ಹಿಡಿದು, "ತಮ್ಮಾ, ಬಡದ್ರ ಬಿಚ್ಚತದ ಖರೆ, ಆದ್ರ ಒಡದು ಬಿಚ್ಚತದ" ಎಂದನು.

ಅವನು ಮೊದಲು ಮಾಡಿದ್ದು ಪರೀಕ್ಷೆ. ಬ್ರೇಕಿನ ತಂತಿಯನ್ನು ಸಡಿಲಿಸಿ ಕಳಚಿದನು; ಆದರೂ ಗಾಲಿ ತಿರುಗಲಿಲ್ಲ. ಆದ್ದರಿಂದ ದೋಷವು ತಂತಿಯಲ್ಲಿಲ್ಲ, ಒಳಗಿದೆ ಎಂದು ನಿಶ್ಚಯಿಸಿದನು. ಈ ಗಾಡಿಗಳಲ್ಲಿ ಗಾಲಿಯ ನಡುವೆ ಒಂದು ಡ್ರಮ್ಮು, ಅದರೊಳಗೆ ಎರಡು ಬ್ರೇಕ್ ಶೂಗಳಿರುತ್ತವೆ. ಬ್ರೇಕ್ ಹಿಡಿದಾಗ ಒಂದು ಚಿಕ್ಕ ಕೀಲು ತಿರುಗಿ ಶೂಗಳನ್ನು ಅಗಲಿಸಿ ಡ್ರಮ್ಮಿಗೆ ಒತ್ತುತ್ತದೆ; ಬಿಟ್ಟೊಡನೆ ಸ್ಪ್ರಿಂಗು ಅವನ್ನು ಹಿಂದಕ್ಕೆಳೆಯುತ್ತದೆ. ಬಹುಕಾಲ ನಿಂತ ಗಾಡಿಯಲ್ಲಿ ತೇವವು ಹೊಕ್ಕು ಕೀಲು ತುಕ್ಕಿನಿಂದ ಬಿಗಿದುಕೊಳ್ಳುವುದು, ಶೂಗಳು ಡ್ರಮ್ಮಿಗೆ ಅಂಟಿಕೊಳ್ಳುವುವು. ಕೈ ಬಿಟ್ಟರೂ ಬ್ರೇಕ್ ಬಿಡದು.

ಆಗ ನನಗೆ ಎದೆ ಝಲ್ಲೆಂದಿತು. ಗಾಲಿಯನ್ನು ಸೆರೆಹಿಡಿದದ್ದು ಹೊರಗಿನ ಶತ್ರುವಲ್ಲ. ಅದರ ರಕ್ಷಣೆಗೆಂದೇ ಇಟ್ಟ ಅದರ ಸ್ವಂತ ಬ್ರೇಕು. ನನ್ನ ಮೌನವೂ ಅಂತಹುದೇ ಅಲ್ಲವೆ? ಮೊದಲ ದಿನ ಅದು ಸಂಯಮವಾಗಿದ್ದಿರಬಹುದು. ಆಡಬಾರದ ಮಾತನ್ನು ತಡೆದಿರಬಹುದು. ಆದರೆ ಆಡಬೇಕಾದ ಮಾತನ್ನೂ ಆಡಗೊಡದೆ ಬಿಗಿದುಕೊಂಡ ದಿನ ಅದು ತುಕ್ಕಾಯಿತು. ಹಿಡಿಯಲೂ ಬಿಡಲೂ ಬರುವುದು ಸಂಯಮ. ಹಿಡಿದುದನ್ನು ಬಿಡಲಾರದುದು ಬರಿಯ ಸ್ತಬ್ಧತೆ. ಸ್ಥಾವರ ಜಂಗಮಗಳ ಭೇದವನ್ನು ಶರಣರು ನಮಗೆ ತಿಳಿಸಿದ್ದಾರೆ. ನಾನು ಅದನ್ನು ಗುಡಿಗೂ ಕಲ್ಲಿಗೂ ಮಾತ್ರ ಅನ್ವಯಿಸಿಕೊಂಡು, ನನ್ನ ಹೃದಯವನ್ನು ಬಿಟ್ಟಿದ್ದೆನು.

ಮಿಸ್ತ್ರಿಯು ಕೀಲಿನ ಸಂದಿಗೆ ತುಕ್ಕು ಬಿಡಿಸುವ ಎಣ್ಣೆಯನ್ನು ಹನಿಹನಿಯಾಗಿ ಬಿಟ್ಟನು. ಶೂಗಳಿಗೆ ಎಣ್ಣೆ ತಗಲದಂತೆ ನೋಡಿಕೊಂಡನು. ತಗಲಿದರೆ ಅವು ಹಿಡಿತವನ್ನೇ ಕಳೆದುಕೊಳ್ಳುವುವಂತೆ. ಮರದ ಕೊಡತಿಯಿಂದ ಡ್ರಮ್ಮಿನ ಸುತ್ತ ಮೆಲ್ಲನೆ ತಟ್ಟಿ, ಗಾಲಿಯನ್ನು ಹಿಂದಕ್ಕೂ ಮುಂದಕ್ಕೂ ಅಲುಗಿಸಿ, ಹೊತ್ತು ಮುಳುಗಲು ಎದ್ದುಹೋದನು. ಎರಡನೆಯ ದಿನವೂ ಅಷ್ಟೇ. ಮೂರನೆಯ ದಿನ ಒಳಗೆ ಕಟ್ಟೆಂದಿತು. ಗಾಲಿಯು ಬೆರಳಗಲ ಸರಿಯಿತು. ಇಲ್ಲಿ ಎರಡು ತಪ್ಪುಗಳನ್ನು ತಿಳಿಯತಕ್ಕದ್ದು. ಸಿಟ್ಟಿನಿಂದ ಬಡಿಯುವುದೊಂದು ತಪ್ಪು. ಕಾಲವೇ ಸರಿಮಾಡೀತೆಂದು ಕಾಯುವುದು ಇನ್ನೊಂದು. ಹನ್ನೆರಡು ವರ್ಷದ ಕಾಲವು ತುಕ್ಕನ್ನು ಬೆಳೆಸಿತೇ ಹೊರತು ಕಳೆಯಲಿಲ್ಲ. ದಿನದಿನವೂ ಕೈ ಹಚ್ಚುವ ತಾಳ್ಮೆಯೇ ತಾಳ್ಮೆ.

ಗಾಲಿ ಸಡಿಲವಾದೊಡನೆ ಮಗನು ಏರಿ ಹೊರಡಲು ಅವಸರಪಟ್ಟನು. ಮಿಸ್ತ್ರಿಯು ಒಪ್ಪಲಿಲ್ಲ. ಗಾಲಿಯನ್ನು ಕಳಚಿ, ಹಳೆಯ ಶೂಗಳ ಧೂಳಿನಲ್ಲಿ ಪುಪ್ಪುಸಕ್ಕೆ ಕೇಡಾದ ಕಲ್ನಾರು ಇರುವುದರಿಂದ ಅದನ್ನು ಊದದೆ ಒದ್ದೆ ಬಟ್ಟೆಯಿಂದ ಒರೆಸಿದನು. ಡ್ರಮ್ಮಿನ ತುಕ್ಕನ್ನು ಕಾಗದದಿಂದ ಉಜ್ಜಿ ತೆಗೆದು, ಬೇರಿಂಗುಗಳ ಒಣಗಿದ ಗ್ರೀಸನ್ನು ತೊಳೆದು ಹೊಸದನ್ನು ತುಂಬಿ, ಹೊಸ ಶೂಗಳನ್ನು ಕೂಡಿಸಿದನು. ಬಂಧನವನ್ನು ಬಿಡಿಸಿದರೆ ಸಾಲದು, ಬ್ರೇಕನ್ನು ಮರಳಿ ಸರಿಯಾಗಿ ನಿಲ್ಲಿಸಬೇಕು. ಮೌನ ಮುರಿದ ಸಂತೋಷದಲ್ಲಿ ಬಾಯಿಗೆ ಬಂದುದನ್ನೆಲ್ಲ ಆಡುವವನು ಬ್ರೇಕಿಲ್ಲದ ಗಾಡಿಯನ್ನು ಏರಿದವನೇ ಸರಿ.

ಇಂತಹ ಕಾರ್ಯವು ದೊಡ್ಡವರಿಗೆ ತಕ್ಕುದು, ನಮ್ಮಂಥವರಿಂದ ಆಗದು ಎನ್ನುವವರುಂಟು. ಮಸ್ಕಿಯ ಗುಡ್ಡದಲ್ಲಿ ಅಶೋಕನ ಶಾಸನವಿದೆ. 1915ರಲ್ಲಿ ಬೆಳಕಿಗೆ ಬಂದ ಆ ಶಾಸನದಲ್ಲಿ 'ಅಶೋಕ' ಎಂಬ ಹೆಸರೇ ಇರುವುದರಿಂದ ಅದು ಲೋಕಪ್ರಸಿದ್ಧವಾಯಿತು. ಧರ್ಮನಿರತನಾದರೆ ಅಲ್ಪನೂ ಈ ಗುರಿಯನ್ನು ಮುಟ್ಟಬಲ್ಲನು, ದೊಡ್ಡವರಿಗೆ ಮಾತ್ರ ಅದು ಸಾಧ್ಯವೆಂದು ಎಣಿಸಬಾರದು ಎಂಬುದು ಅದರ ತಾತ್ಪರ್ಯ. ಬಾಲ್ಯದಿಂದ ಆ ಬಂಡೆಯನ್ನು ಕಂಡಿದ್ದ ನನಗೆ ಅದರ ಅರ್ಥವು ಆಗ ತಟ್ಟಿತು.

ನಾನು ಲಿಂಗಸುಗೂರಿಗೆ ಹೋದೆನು. ತಮ್ಮನು ಮೊದಲ ಸಲ ನೀರು ಕೊಟ್ಟು ಸುಮ್ಮನೆ ಕುಳಿತನು. ಎರಡನೆಯ ಸಲ ಮಳೆಬೆಳೆಯ ಮಾತಾಡಿದೆವು. ಮೂರನೆಯ ಸಲ, ನಾನು ಏಳುವಾಗ, "ಅಣ್ಣಾ, ಅಪ್ಪನ ಗಾಡಿ ನಡಿತದೇನು?" ಎಂದು ಕೇಳಿದನು. ಹೊಲದ ಪಾಲು ಇನ್ನೂ ತೀರಿಲ್ಲ. ಆದರೆ ಗಾಲಿಯು ಬೆರಳಗಲ ಸರಿದಿದೆ.

ಓದುಗರೇ, ತಮ್ಮ ತಮ್ಮ ಮನೆಯ ಪಡಸಾಲೆಯಲ್ಲಿ ಏನು ನಿಂತಿದೆಯೆಂದು ಒಮ್ಮೆ ನೋಡಿಕೊಳ್ಳಿರಿ. ಅದು ಸಂಯಮದಿಂದ ನಿಂತಿದ್ದರೆ ಒಳ್ಳೆಯದು; ತುಕ್ಕಿನಿಂದ ನಿಂತಿದ್ದರೆ ಇಂದೇ ಮೊದಲ ಹನಿಯನ್ನು ಬಿಡಿರಿ.