ರಬ್ಬಿ ಝೇರಾ ಮರುವರ್ಷ ಏಕೆ ಹೋಗಲಿಲ್ಲ?

ಕುಡಿದು ಅಮಲೇರುವುದು ಎಂದಾದರೂ ಧರ್ಮಕಾರ್ಯವಾಗಬಲ್ಲದೇ? ಪ್ರಶ್ನೆ ನಿಮಗೆ ವಿಚಿತ್ರವೆನಿಸಬಹುದು. ಕುಡಿತ ಕೆಟ್ಟದ್ದು, ಬಿಟ್ಟುಬಿಡಿ ಎಂಬ ಉಪದೇಶವನ್ನು ಕೇಳಿ ಕೇಳಿ ನಮ್ಮ ಕಿವಿ ದಣಿದಿವೆ. ಆದರೆ ಹಳೆಯ ಒಡಂಬಡಿಕೆಯನ್ನು ಯಾರ ಕೈಯಿಂದ ನಾವು ಪಡೆದೆವೋ ಆ ಯೆಹೂದ್ಯ ಜನರಲ್ಲಿ, ವರ್ಷದಲ್ಲಿ ಒಂದು ದಿನ ಕುಡಿಯಲೇಬೇಕು ಎಂಬ ಮಾತಿರುವ ಹಬ್ಬವೊಂದುಂಟು. ಅದೇ ಪೂರಿಮ್. ಎಸ್ತೇರಳ ಗ್ರಂಥವನ್ನು ಓದಿ, ತಮ್ಮ ಜನ ಸಾಮೂಹಿಕ ಕೊಲೆಯಿಂದ ಪಾರಾದುದನ್ನು ನೆನೆದು ಅವರು ಸಂಭ್ರಮಿಸುವ ದಿನವದು.

ಯಾದಗಿರಿ, ಶಹಾಪುರ, ಸುರಪುರದ ಕಡೆಯವರಿಗೆ ಈ ಹಬ್ಬವನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ನಮ್ಮ ಹೋಳಿ ಹುಣ್ಣಿಮೆಯೂ ಅವರ ಪೂರಿಮ್ ಹಬ್ಬವೂ ಹಲವು ವರ್ಷ ಒಂದೇ ಹುಣ್ಣಿಮೆಗೆ ಬೀಳುತ್ತವೆ. 2025ರಲ್ಲಿ ಎರಡೂ ಮಾರ್ಚ್ 14ಕ್ಕೇ ಬಂದವು. ನಮ್ಮಲ್ಲಿ ಹಲಗೆ ಬಡಿದು, ಕಾಮಣ್ಣನ ಮುಂದೆ ಬಾಯಿ ಬಡಿದುಕೊಂಡು ಗದ್ದಲವೆಬ್ಬಿಸುತ್ತಾರೆ. ಅಲ್ಲಿ ಪ್ರಾರ್ಥನಾಲಯದಲ್ಲಿ ಗ್ರಂಥ ಓದುವಾಗ ಹಾಮಾನನ ಹೆಸರು ಬಂದಾಗಲೆಲ್ಲ ಮಕ್ಕಳು ಕಾಲು ಕುಟ್ಟಿ, ಗಿರಗಟ್ಟೆ ತಿರುಗಿಸಿ ಆ ಹೆಸರೇ ಕೇಳದಂತೆ ಮಾಡುತ್ತಾರೆ. ಎರಡೂ ಕಡೆ ಸೋಗು, ಎರಡೂ ಕಡೆ ಗೇಲಿ, ಎರಡೂ ಕಡೆ ಕುಡಿತ. ಅಂದು ನಮಗೆ ತಪಸ್ಸುಕಾಲದ ಶುಕ್ರವಾರ. ಹಿಂದಿನ ದಿನ, ಗುರುವಾರ, ನಮ್ಮ ಬಲಿಪೂಜೆಯ ಮೊದಲನೇ ವಾಚನ ಯಾವುದಿತ್ತು ಗೊತ್ತೇ? ರಾಣಿ ಎಸ್ತೇರಳ ಪ್ರಾರ್ಥನೆ. ಯೆಹೂದ್ಯರಿಗೂ ಆ ಗುರುವಾರ ಎಸ್ತೇರಳ ಹೆಸರಿನ ಉಪವಾಸದ ದಿನವಾಗಿತ್ತು.

ಈ ಗ್ರಂಥವನ್ನು ಮನೆಯಲ್ಲಿ ಒಮ್ಮೆ ಕುಳಿತು ಓದಿ. ಹತ್ತು ಅಧ್ಯಾಯಗಳಲ್ಲಿ ಎಷ್ಟು ಸಲ ಪಾನಗೋಷ್ಠಿ ಬರುತ್ತದೆಂದು ಲೆಕ್ಕ ಹಾಕಿ. ಇಂಡಿಯಾದಿಂದ ಕೂಷ್ ದೇಶದವರೆಗೆ ನೂರಿಪ್ಪತ್ತೇಳು ಸಂಸ್ಥಾನಗಳನ್ನು ಆಳುತ್ತಿದ್ದ ಅಹಷ್ವೇರೋಷ ರಾಜ ನೂರೆಂಬತ್ತು ದಿನ ತನ್ನ ವೈಭವ ತೋರಿಸಿ, ಬಳಿಕ ರಾಜಧಾನಿ ಶೂಷನ್ನಿನ ಜನರಿಗೆ ಏಳು ದಿನ ಔತಣ ಕೊಡುತ್ತಾನೆ. ಹೊನ್ನಿನ ಪಾತ್ರೆಗಳಲ್ಲಿ ದ್ರಾಕ್ಷಾರಸ ಹರಿಯುತ್ತದೆ. ಅಲ್ಲೊಂದು ಸಣ್ಣ ಮಾತನ್ನು ನಾವು ಸಾಮಾನ್ಯವಾಗಿ ಗಮನಿಸದೆ ದಾಟಿಬಿಡುತ್ತೇವೆ: ಕುಡಿಯುವಂತೆ ಯಾರೂ ಯಾರನ್ನೂ ಬಲವಂತ ಮಾಡಕೂಡದು, ಅವರವರ ಇಷ್ಟದಂತೆ ನಡೆಯಲಿ ಎಂದು ರಾಜ ಅಪ್ಪಣೆ ಮಾಡಿದ್ದ. ವಿಗ್ರಹಾರಾಧಕನಾದ ಒಬ್ಬ ಅರಸನಿಗಿದ್ದ ಈ ಮರ್ಯಾದೆ ನಮ್ಮ ಎಷ್ಟು ಮದುವೆ ಮನೆಗಳಲ್ಲಿದೆ?

ಆದರೆ ಗಂಡಸರ ಗ್ಲಾಸಿಗೆ ಕೊಟ್ಟ ಆ ಸ್ವಾತಂತ್ರ್ಯವನ್ನು ರಾಜ ತನ್ನ ಹೆಂಡತಿಗೆ ಕೊಡಲಿಲ್ಲ. ಏಳನೆಯ ದಿನ ದ್ರಾಕ್ಷಾರಸ ತಲೆಗೇರಿದಾಗ, ರಾಣಿ ವಷ್ಟಿ ಕಿರೀಟ ಧರಿಸಿ ಬಂದು ನೆರೆದವರ ಮುಂದೆ ನಿಲ್ಲಲಿ, ಅವಳ ಚೆಲುವನ್ನು ಎಲ್ಲರೂ ನೋಡಲಿ ಎಂದು ಹೇಳಿಕಳುಹಿಸಿದ. ವಷ್ಟಿ ಬರಲಿಲ್ಲ. ಮುಂದೆ ನಡೆದುದನ್ನು ನೋಡಿ. ರಾಣಿಯ ಪದವಿ ಹೋಯಿತು. ಇವಳನ್ನು ನೋಡಿ ಉಳಿದ ಹೆಂಗಸರೂ ಗಂಡಂದಿರ ಮಾತು ಮೀರಿಯಾರೆಂದು ಮಂತ್ರಿಗಳಿಗೆ ಭಯ ಹತ್ತಿತು. ಪ್ರತಿಯೊಬ್ಬ ಗಂಡಸೂ ತನ್ನ ಮನೆಗೆ ತಾನೇ ಒಡೆಯನಾಗಿರಬೇಕೆಂದು ಎಲ್ಲ ಸಂಸ್ಥಾನಗಳಿಗೂ ಫರ್ಮಾನು ಹೋಯಿತು. ಕುಡಿದವನ ಮಾನ ಉಳಿಸಲು ದೇಶಕ್ಕೆಲ್ಲ ಕಾನೂನು! ಕುಟುಂಬದ ಪುಟ ಓದುವ ತಾಯಂದಿರಿಗೆ ಈ ದೃಶ್ಯವನ್ನು ವಿವರಿಸಿ ಹೇಳಬೇಕಾಗಿಲ್ಲ. ಹಬ್ಬದ ರಾತ್ರಿ ಬಾಗಿಲು ಬಡಿಯುವ ಸದ್ದು ಅವರಿಗೆ ಗೊತ್ತು.

ಮತ್ತೊಂದು ದೃಶ್ಯ ಇನ್ನೂ ಘೋರ. ಯೆಹೂದ್ಯರನ್ನೆಲ್ಲ ಕೊಲ್ಲಿಸುವ ಆಜ್ಞೆಗೆ ರಾಜಮುದ್ರೆ ಬಿದ್ದ ಮೇಲೆ ರಾಜನೂ ಹಾಮಾನನೂ ಕುಡಿಯಲು ಕುಳಿತರು. ಹೊರಗೆ ಇಡೀ ಶೂಷನ್ ನಗರ ದಿಕ್ಕುಗಾಣದೆ ತಳಮಳಿಸುತ್ತಿತ್ತು. ಎಸ್ತೇರಳಾದರೋ ಮೂರು ದಿನ ಅನ್ನ ನೀರು ಬಿಟ್ಟು ಉಪವಾಸ ಮಾಡಿದಳು. ಬಳಿಕ ಎರಡು ಔತಣಗಳಿಗೆ ರಾಜನನ್ನೂ ಹಾಮಾನನನ್ನೂ ಕರೆದು, ದ್ರಾಕ್ಷಾರಸ ಬಡಿಸಿ, ಎರಡನೆಯ ಔತಣದಲ್ಲಿ ತನ್ನ ಜನರ ಪ್ರಾಣ ಬೇಡಿದಳು. ಗ್ರೀಕ್ ಭಾಷೆಯಿಂದ ಬಂದು ನಮ್ಮ ಕಥೋಲಿಕ ಬೈಬಲಿನಲ್ಲಿ ಉಳಿದಿರುವ ಭಾಗದಲ್ಲಿ ಅವಳ ಪ್ರಾರ್ಥನೆ ಪೂರ್ತಿಯಾಗಿದೆ. ಹಾಮಾನನ ಪಂಕ್ತಿಯಲ್ಲಿ ತಾನು ಉಣ್ಣಲಿಲ್ಲ, ದೇವತೆಗಳಿಗೆ ಎರೆಯುವ ದ್ರಾಕ್ಷಾರಸ ಕುಡಿಯಲಿಲ್ಲ ಎಂದು ಅವಳು ದೇವರ ಮುಂದೆ ಹೇಳಿಕೊಳ್ಳುತ್ತಾಳೆ. ಅರಮನೆಯಲ್ಲಿದ್ದೂ ಬೇಡವೆಂದವಳು ಆಕೆ.

ಇಂಥ ಗ್ರಂಥದ ಹಬ್ಬಕ್ಕೆ ಅಮಲು ಹೇಗೆ ಸೇರಿತು? ಬಾಬಿಲೋನಿನ ತಾಲ್ಮೂದ್ ಎಂಬ ಧರ್ಮಶಾಸ್ತ್ರ ಸಂಗ್ರಹದಲ್ಲಿ ರಾವಾ ಎಂಬ ಪಂಡಿತರ ಮಾತಿದೆ. ಹಾಮಾನನಿಗೆ ಹಾಕುವ ಶಾಪ ಯಾವುದು, ಮೊರ್ದೆಕೈಗೆ ಕೋರುವ ಆಶೀರ್ವಾದ ಯಾವುದು ಎಂದು ತಿಳಿಯದಷ್ಟು ಪೂರಿಮ್ ದಿನ ಅಮಲೇರಬೇಕು ಎಂಬುದು ಅದರ ತಾತ್ಪರ್ಯ. ನಗಬೇಡಿ. ನಾಳೆ ಕೊಲ್ಲಲ್ಪಡುವೆವು ಎಂದು ನಡುಗುತ್ತ ಮಲಗಿದ ಜನ ಬೆಳಗಾಗುವುದರೊಳಗೆ ಬದುಕಿ ಉಳಿದರೆ, ಆ ಸಂತೋಷ ಲೆಕ್ಕಾಚಾರಕ್ಕೆ ಸಿಗುವಂಥದಲ್ಲ. ತಮ್ಮ ಬುದ್ಧಿಯಿಂದ ಉಳಿಯಲಿಲ್ಲ, ದೇವರ ಕೈಯಿಂದ ಉಳಿದೆವು ಎಂದು ಬುದ್ಧಿಯನ್ನೇ ಒಂದು ದಿನ ಬದಿಗಿಡುವ ಆಸೆ ಆ ಮಾತಿನಲ್ಲಿರಬಹುದು. ನನಗಂತೂ ಅದರಲ್ಲಿ ಕೆಟ್ಟ ಮನಸ್ಸು ಕಾಣುವುದಿಲ್ಲ.

ಆದರೆ ತಾಲ್ಮೂದ್ ಅಲ್ಲಿಗೆ ನಿಲ್ಲಲಿಲ್ಲ. ಆ ಮಾತಿನ ಬೆನ್ನಿಗೇ ಒಂದು ಕಥೆ ಇಟ್ಟಿದೆ. ರಬ್ಬಾ ಮತ್ತು ರಬ್ಬಿ ಝೇರಾ ಎಂಬ ಇಬ್ಬರು ಗುರುಗಳು ಒಟ್ಟಿಗೆ ಪೂರಿಮ್ ಊಟಕ್ಕೆ ಕುಳಿತರು. ಕುಡಿದರು. ಅಮಲಿನಲ್ಲಿ ರಬ್ಬಾ ಎದ್ದು ಝೇರಾ ಅವರ ಕುತ್ತಿಗೆ ಕೊಯ್ದುಬಿಟ್ಟರು. ಮರುದಿನ ಅಮಲಿಳಿದಾಗ ಗೋಳಿಟ್ಟು ಪ್ರಾರ್ಥಿಸಿದರು. ದೇವರ ಕೃಪೆಯಿಂದ ಝೇರಾ ಬದುಕಿ ಎದ್ದರು. ಮುಂದಿನ ವರ್ಷ ರಬ್ಬಾ ಮತ್ತೆ ಊಟಕ್ಕೆ ಕರೆದರು. ಪವಾಡ ಪ್ರತಿ ಸಲವೂ ನಡೆಯುವುದಿಲ್ಲವಲ್ಲ ಎಂದು ಹೇಳಿ ಝೇರಾ ಹೋಗಲಿಲ್ಲ.

ಈ ಕಥೆಯನ್ನು ಮುಂದಿನ ಪಂಡಿತರು ನೂರಾರು ವರ್ಷ ಮಥಿಸಿದ್ದಾರೆ. ರಾವಾ ಅವರ ಮಾತನ್ನು ರದ್ದು ಮಾಡಲೆಂದೇ ಈ ಕಥೆಯನ್ನು ಅಲ್ಲಿ ಇಡಲಾಗಿದೆ ಎಂದು ಮಧ್ಯಯುಗದ ರಬ್ಬಿ ಎಫ್ರಾಯಿಮ್ ವಾದಿಸಿದರು. ಕತ್ತಿಯಿಂದ ಕೊಯ್ದದ್ದಲ್ಲ, ಒತ್ತಾಯ ಮಾಡಿ ಮಾಡಿ ಕುಡಿಸಿದ್ದರಿಂದ ಝೇರಾ ಸಾವಿನ ಅಂಚಿಗೆ ಹೋದರು ಎಂದು ಇನ್ನೊಂದು ವ್ಯಾಖ್ಯಾನ ಹೇಳುತ್ತದೆ. ಈ ಎರಡನೆಯ ವ್ಯಾಖ್ಯಾನವೇ ನಮ್ಮ ಮನೆ ಬಾಗಿಲಿಗೆ ಹೆಚ್ಚು ಹತ್ತಿರ. ನಮ್ಮಲ್ಲಿ ಯಾರೂ ಹಬ್ಬದೂಟಕ್ಕೆ ಕತ್ತಿ ತರುವುದಿಲ್ಲ. ಒತ್ತಾಯವನ್ನಂತೂ ಎಲ್ಲರೂ ತರುತ್ತಾರೆ.

ಉಳಿದ ಶಾಸ್ತ್ರಕಾರರು ಜಾಣ ದಾರಿ ಹಿಡಿದರು. ಹನ್ನೆರಡನೆಯ ಶತಮಾನದ ಮೈಮೋನಿದಸ್ ವೈದ್ಯರೂ ಆಗಿದ್ದವರು. ಕುಡಿದು ನಿದ್ದೆ ಹೋಗಲಿ ಎಂದರು. ಹದಿನಾರನೆಯ ಶತಮಾನದಲ್ಲಿ ಪೋಲೆಂಡಿನ ರಬ್ಬಿ ಮೋಶೆ ಇಸ್ಸೆರ್ಲೆಸ್, ಎಂದಿಗಿಂತ ಸ್ವಲ್ಪವೇ ಹೆಚ್ಚು ಕುಡಿದು ಮಲಗಿಬಿಟ್ಟರೂ ಸಾಕು, ಮಲಗಿದವನಿಗೆ ಹಾಮಾನ ಯಾರು, ಮೊರ್ದೆಕೈ ಯಾರು ಎಂಬ ಭೇದ ಹೇಗೂ ತಿಳಿಯದು ಎಂದರು. ಕಾನೂನೂ ಉಳಿಯಿತು, ಕುತ್ತಿಗೆಯೂ ಉಳಿಯಿತು. ಹಾಗೆ ನೋಡಿದರೆ, ಶಹಾಪುರದ ಬೆಟ್ಟದ ಸಾಲಿನಲ್ಲಿ ಮಲಗಿರುವ ಬುದ್ಧನ ಆಕಾರ ನೀವು ಕಂಡಿರುವಿರಿ. ಅಮಲು ಪದಾರ್ಥ ಬೇಡವೆಂಬ ಐದನೆಯ ಶೀಲವನ್ನು ತನ್ನ ಅನುಯಾಯಿಗಳಿಗೆ ಕೊಟ್ಟ ಆತ ಕುಡಿಯದೆಯೇ ನೆಮ್ಮದಿಯಾಗಿ ಮಲಗಿದ್ದಾನೆ!

ಈಗ ನಮ್ಮ ಮಾತಿಗೆ ಬರೋಣ. ಈ ಭಾಗದಲ್ಲಿ ನಿಜಾಮರ ಕಾಲದ ಸೇಂದಿಯಿಂದ ಹಿಡಿದು ಪಾಕೀಟು ಸಾರಾಯಿಯವರೆಗೆ ಕುಡಿತ ಹಲವು ವೇಷ ಹಾಕಿದೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಬಂದಾಯಿತು. ಅಗ್ಗದ ವಿಸ್ಕಿಯ ಪ್ಯಾಕೆಟ್ ಅದರ ಜಾಗಕ್ಕೆ ಬಂತು. 2019ರ ಜನವರಿಯಲ್ಲಿ ನೆರೆಯ ರಾಯಚೂರು ಜಿಲ್ಲೆಯವರೂ ಸೇರಿದಂತೆ ಸಾವಿರಾರು ಬಡ ಹೆಂಗಸರು ಮದ್ಯ ನಿಷೇಧಿಸಿರೆಂದು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. ಹೋಳಿಯ ಹೊತ್ತಿಗೆ ಅಂಗಡಿ ಮುಚ್ಚಿಸುವ ಆದೇಶ ಬರುವುದೂ ಉಂಟು. ಆದರೆ ಬಾಟಲಿ ಹಿಂದಿನ ದಿನವೇ ಮನೆ ಸೇರಿರುತ್ತದೆ. ಸರಕಾರ ಅಂಗಡಿಯ ಬಾಗಿಲು ಮುಚ್ಚಿಸಬಹುದು, “ಹಬ್ಬದ ದಿನಾನೂ ಬ್ಯಾಡ ಅಂದ್ರ ಹ್ಯಾಂಗ ಮಾವಾ, ನಮ್ಮ ಮ್ಯಾಲ ಸಿಟ್ಟೇನು?” ಎನ್ನುವ ಬಾಯಿಯನ್ನು ಮುಚ್ಚಿಸಲಾರದು. ಬೀಗರು ಗ್ಲಾಸು ಹಿಡಿದು ನಿಂತರೆ ಬೇಡವೆನ್ನುವುದು ಸಂಬಂಧಕ್ಕೇ ಅವಮಾನ ಎಂಬಂತಾಗಿದೆ. ಕಷ್ಟಪಟ್ಟು ಆರು ತಿಂಗಳು ಬಿಟ್ಟಿದ್ದವನು ಒಂದು ಮದುವೆಯಲ್ಲಿ ಮತ್ತೆ ಶುರುಮಾಡಿದ ಸಂಗತಿ ನಿಮ್ಮ ಊರಿನಲ್ಲೂ ಇದ್ದೀತು. ಕರೆದವನ ದೃಷ್ಟಿಯಲ್ಲಿ ಅದು ಪ್ರೀತಿ. ರಬ್ಬಾ ಕೂಡ ಝೇರಾರನ್ನು ಪ್ರೀತಿಯಿಂದಲೇ ಕರೆದದ್ದು, ಎರಡು ಸಲವೂ.

ಕಾನಾ ಊರಿನ ಮದುವೆಯಲ್ಲಿ ಪ್ರಭುವೇ ನೀರನ್ನು ದ್ರಾಕ್ಷಾರಸ ಮಾಡಲಿಲ್ಲವೇ ಎಂದು ನೀವು ಕೇಳಬಹುದು. ನಿಜ, ಆರು ಕಲ್ಲುಬಾನಿಗಳ ತುಂಬ ಮಾಡಿದರು, ಒಳ್ಳೆಯ ರುಚಿಯದ್ದನ್ನೇ ಮಾಡಿದರು. ದ್ರಾಕ್ಷಾರಸವೇ ಪಾಪವೆಂದು ಧರ್ಮಸಭೆ ಎಂದೂ ಹೇಳಿಲ್ಲ. ಹೇಳಿದ್ದರೆ ಪೀಠದ ಮೇಲಿನ ಪಾತ್ರೆಯಲ್ಲಿ ಅದು ಇರುತ್ತಿರಲಿಲ್ಲ. ಆದರೆ ಅಂದು ಮಾತೆ ಮರಿಯ ಕಂಡದ್ದು ಅತಿಥಿಗಳ ಬಾಯಾರಿಕೆಯನ್ನಲ್ಲ, ಊರವರ ಮುಂದೆ ತಲೆತಗ್ಗಿಸಬೇಕಾಗಿದ್ದ ಮನೆಯವರ ಸಂಕಟವನ್ನು. ಅದೇ ಕಣ್ಣಿನಿಂದ ಸಂತ ಪೌಲರು ಕೊರಿಂಥದವರ ಸಭೆಯನ್ನು ನೋಡಿದರು. ಪ್ರಭುವಿನ ಭೋಜನಕ್ಕೆಂದು ಕೂಡಿದಲ್ಲಿ ಒಬ್ಬ ಹಸಿದಿದ್ದಾನೆ, ಇನ್ನೊಬ್ಬ ಅಮಲೇರಿದ್ದಾನೆ. ಇಲ್ಲದವರನ್ನು ನಾಚಿಸುತ್ತಿದ್ದೀರಾ ಎಂದು ಗದರಿಸಿದರು.

ಇಲ್ಲದವರ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಪೂರಿಮ್ ಹಬ್ಬಕ್ಕೆ ಎಸ್ತೇರಳ ಗ್ರಂಥವೇ ಗೊತ್ತುಮಾಡಿದ ಆಚರಣೆಗಳಲ್ಲಿ ಔತಣದ ಜೊತೆಗೆ ಒಬ್ಬರಿಗೊಬ್ಬರು ತಿನಿಸು ಕಳುಹಿಸುವುದೂ ಬಡವರಿಗೆ ದಾನ ಕೊಡುವುದೂ ಇವೆ. ಅಮಲಿನ ಮಾತು ಆಮೇಲಿನದು. ಔತಣಕ್ಕಿಂತ ಬಡವರ ದಾನಕ್ಕೇ ಹೆಚ್ಚು ಖರ್ಚಾಗಲಿ, ಅಂದು ಕೈಚಾಚಿದವನನ್ನು ವಿಚಾರಣೆ ಮಾಡದೆ ಕೊಡಲಿ ಎಂದು ಮೈಮೋನಿದಸ್ ಬರೆದಿದ್ದಾರೆ. ನಮ್ಮಲ್ಲಿ ಬೆಂಗಳೂರು, ಮುಂಬಯಿ, ಪುಣೆಗೆ ಗುಳೆ ಹೋದವರು ಹಬ್ಬಕ್ಕೆ, ಜಾತ್ರೆಗೆ ಊರಿಗೆ ಬರುತ್ತಾರೆ. ಕಟ್ಟಡದ ಕೆಲಸದಲ್ಲಿ ಗಂಡಹೆಂಡತಿ ಇಬ್ಬರೂ ದುಡಿದ ಕೂಲಿ ಗಂಡನ ಒಂದೇ ಜೇಬಿನಲ್ಲಿರುತ್ತದೆ. ಬಸ್ಸಿಳಿದ ಸಂಜೆಯೇ ಗೆಳೆಯರು ಸುತ್ತುವರಿಯುತ್ತಾರೆ. ಆ ಜೇಬಿನ ಮುಂದೆ ಮನೆಯವಳೂ ಮಕ್ಕಳೂ ಕೈಚಾಚುವ ಹೊತ್ತಿಗೆ ಎಷ್ಟು ಉಳಿದಿರುತ್ತದೆ ಎಂಬುದನ್ನು ಶಾಲೆಯ ಶುಲ್ಕ ಕಟ್ಟುವ ದಿನ ನೋಡಬೇಕು.

ಬೇಡವೆನ್ನುವವನಿಗೂ ಪಂಕ್ತಿಯಲ್ಲಿ ಗೌರವದ ಜಾಗ ಮಾಡಿಕೊಡುವುದು ಸಾಧ್ಯವೇ? ಎರಡು ಧರ್ಮಗಳೂ ತಮ್ಮ ಅತಿ ಪವಿತ್ರ ಪಾತ್ರೆಯ ವಿಷಯದಲ್ಲೇ ಅದನ್ನು ಮಾಡಿವೆ. ಪಾಸ್ಕದ ರಾತ್ರಿ ಪ್ರತಿ ಯೆಹೂದ್ಯನೂ ನಾಲ್ಕು ಪಾತ್ರೆ ದ್ರಾಕ್ಷಾರಸ ಕುಡಿಯಬೇಕೆಂಬುದು ಕಟ್ಟಳೆ, ಕಡುಬಡವನಿಗೂ ತಪ್ಪದು. ಆದರೂ ಮದ್ಯ ಒಗ್ಗದವರು ಹುಳಿಯದ ದ್ರಾಕ್ಷಿರಸ ಕುಡಿದರೆ ಸಾಕೆಂದು ರಬ್ಬಿಗಳು ಒಪ್ಪುತ್ತಾರೆ. ನಮ್ಮಲ್ಲಿ, ಕುಡಿತದ ಚಟದಿಂದ ಬಿಡಿಸಿಕೊಂಡ ಗುರುಗಳು ಧರ್ಮಾಧ್ಯಕ್ಷರ ಅನುಮತಿ ಪಡೆದು, ಹುದುಗುವುದನ್ನು ತಡೆದ ದ್ರಾಕ್ಷಿರಸದಿಂದ ಬಲಿಪೂಜೆ ಅರ್ಪಿಸಬಹುದೆಂದು ರೋಮಿನ ವಿಶ್ವಾಸ ಸಿದ್ಧಾಂತ ಪೀಠ 2003ರಲ್ಲಿ ಸ್ಪಷ್ಟಪಡಿಸಿತು. ಪೀಠದ ಮುಂದೆ ನಿಂತ ಗುರುವಿಗೇ ಧರ್ಮಸಭೆ ಇಷ್ಟು ದಾಕ್ಷಿಣ್ಯ ತೋರಿಸಿರುವಾಗ ಬೀಗರು ತೋರಿಸಲಾರರೇ?

ನಮ್ಮ ದೇಶದ ಯೆಹೂದ್ಯರಲ್ಲಿ ಇನ್ನೂ ಸುಲಭದ ರೂಢಿಯಿತ್ತು. ಕೊಂಕಣ ಕರಾವಳಿಯಲ್ಲಿ ಗಾಣದ ಕೆಲಸ ಮಾಡುತ್ತ, ಶನಿವಾರ ರಜೆ ಮಾಡುತ್ತಿದ್ದುದರಿಂದ ‘ಶನಿವಾರ ತೇಲಿ’ ಎಂದು ಕರೆಸಿಕೊಂಡ ಬೆನೆ ಇಸ್ರಾಯೇಲರು ಸಬ್ಬತ್ತಿನ ಆಶೀರ್ವಾದಕ್ಕೆ ಒಣದ್ರಾಕ್ಷಿಯ ಶರಬತ್ತನ್ನೇ ಬಳಸುತ್ತ ಬಂದವರು. 1948ರ ನಂತರ ಅವರಲ್ಲಿ ಬಹುಮಂದಿ ಇಸ್ರೇಲಿಗೆ ಹೋದರು, ಶರಬತ್ತು ಅವರೊಂದಿಗೆ ಹೋಯಿತು. ಕರಿ ಒಣದ್ರಾಕ್ಷಿಯನ್ನು ತೊಳೆದು ನೀರಲ್ಲಿ ನೆನೆಹಾಕಿ, ಚೆನ್ನಾಗಿ ಉಬ್ಬಿದ ಮೇಲೆ ಕೈಯಿಂದ ಕಿವುಚಿ, ಬಟ್ಟೆಯಲ್ಲಿ ಸೋಸಿದರೆ ಆಯಿತು. ನಮಗೆ ಒಣದ್ರಾಕ್ಷಿಗೆ ದೂರ ಹೋಗಬೇಕಿಲ್ಲ, ಪಕ್ಕದ ವಿಜಯಪುರ ಜಿಲ್ಲೆಯದೇ ಬೇಕಾದಷ್ಟು ಸಿಗುತ್ತದೆ. ಬೇಸಿಗೆಯ ಮದುವೆಗಳು ಬರುತ್ತಿವೆ. ಮಡಕೆಯ ನೀರಲ್ಲಿ ಮಾಡಿ, ಒಂದು ಏಲಕ್ಕಿ ಜಜ್ಜಿ ಹಾಕಿ, ಬೀಗರ ಪಂಕ್ತಿಯಲ್ಲಿ ಎಲ್ಲರಿಗಿಂತ ಮೊದಲು ಅದನ್ನೇ ಇಟ್ಟು ನೋಡಿ. ಏನೆಂದರು ಎಂಬುದನ್ನು ನಮಗೂ ಒಂದು ಕಾರ್ಡು ಬರೆದು ತಿಳಿಸಿ.