ಕೋತಿಯನ್ನು ಕಳಿಸಿದವರು ಯಾರು?

ಗೆಳೆಯ ಮೊಬೈಲಿಗೆ ಕೋತಿಯ ಇಮೋಜಿ ಕಳಿಸಿದರೆ ನಾವು ನಗುತ್ತೇವೆ. ಅವ್ವ ‘ಏ ಕೋತಿ, ಉಣ್ಣಾಕೆ ಬಾರ್ಲಾ’ ಅಂದರೂ ಅದು ಮುದ್ದೇ. ಜಗಲಿ ಮೇಲೆ ಕೂತ ಧಣಿ ನಮ್ಮ ಕೇರಿಯ ಹುಡುಗನಿಗೆ ಅದೇ ಮಾತು ಅಂದರೆ? ಪದ ಒಂದೇ, ಆದರೆ ಅಲ್ಲಿ ಅದು ಬಾರುಕೋಲು.

2021ರ ಜುಲೈ 11ರಂದು ಲಂಡನ್ನಿನ ವೆಂಬ್ಲಿಯಲ್ಲಿ ಯುರೋ ಫುಟ್‌ಬಾಲ್ ಫೈನಲ್. ಪೆನಾಲ್ಟಿಯಲ್ಲಿ ಇಂಗ್ಲೆಂಡ್ ಇಟಲಿಗೆ ಸೋತಿತು. ಗೋಲು ಹೊಡೆಯಲಾಗದ ರಾಶ್‌ಫರ್ಡ್, ಸ್ಯಾಂಚೊ, ಸಾಕಾ ಮೂವರೂ ಕಪ್ಪು ಯುವಕರು. ಇನ್‌ಸ್ಟಾಗ್ರಾಮಿನಲ್ಲಿ ಅವರ ಪುಟಗಳ ಮೇಲೆ ಕೋತಿಗಳ ಸಾಲೇ ಬಂದು ಬಿತ್ತು. ಜನ ದೂರು ಕೊಟ್ಟರು. ಕೆಲವರಿಗೆ ‘ನಿಯಮ ಮುರಿದಿಲ್ಲ’ ಅನ್ನೋ ಉತ್ತರ ಸಿಕ್ಕಿತು. ಆಮೇಲೆ ತಪ್ಪಾಯಿತೆಂದು ಕಂಪನಿಯೇ ಒಪ್ಪಿತು.

ಯಂತ್ರ ಚಿತ್ರ ನೋಡಿತು. ಯಾರು, ಯಾರಿಗೆ, ಯಾವ ಗಳಿಗೆಯಲ್ಲಿ ಕಳಿಸಿದರು ಅಂತ ನೋಡಲಿಲ್ಲ. ಕಪ್ಪು ಜನ ಪೂರ್ತಿ ಮನುಷ್ಯರಲ್ಲ ಅಂತ ಗುಲಾಮಗಿರಿಯ ಒಡೆಯರು ಹೇಳಿದ ಹಳೇ ಸುಳ್ಳಿಗೆ ಈ ಕೋತಿ ಹೊಸ ವೇಷ.

ಇಂಥ ನ್ಯಾಯ ನಮಗೆ ಹೊಸದೇನಲ್ಲ. ‘ಬಾಯಿಮಾತಿಗೆ ಯಾಕಪ್ಪ ಇಷ್ಟು ಸಿಟ್ಟು?’ ಅಂತ ಊರ ಪಂಚಾಯ್ತಿ ಕಟ್ಟೆಯೂ ಕೇಳುತ್ತದೆ. 1927ರಲ್ಲಿ ಅಂಬೇಡ್ಕರ್ ಮಹಾಡಿನ ಚೌದಾರ್ ಕೆರೆಗೆ ಜನರನ್ನು ಕರೆದೊಯ್ದದ್ದು ಯಾಕೆ? ದನ ಕುಡಿಯಬಹುದಾದ ನೀರನ್ನು ಅಸ್ಪೃಶ್ಯರು ಮುಟ್ಟುವಂತಿರಲಿಲ್ಲ. ಮನುಷ್ಯರನ್ನು ಪ್ರಾಣಿಗಿಂತ ಕೆಳಗಿಟ್ಟ ವ್ಯವಸ್ಥೆಯಲ್ಲಿ ಬಯ್ಗುಳ ಬರೀ ಬಾಯಿಮಾತಲ್ಲ.

ಹಾಗಾದರೆ ಕೋತಿಯ ಚಿತ್ರವನ್ನೇ ನಿಷೇಧಿಸೋಣವೆ? ಅವ್ವನ ಮುದ್ದು ಹೋಗುತ್ತದೆ. ಧಣಿ ನಾಳೆ ಇನ್ನೊಂದು ಪ್ರಾಣಿ ಹುಡುಕುತ್ತಾನೆ. ಕೋತಿಯದೇನೂ ತಪ್ಪಿಲ್ಲ. ಕಳಿಸಿದ ಕೈಯನ್ನು ಕೇಳೋಣ. ಆ ಕೈಗೆ ಬಲ ಕೊಟ್ಟ ಜಗಲಿಯನ್ನೂ ಕೇಳೋಣ.